ದನವೋ ಧನವೋ? ಕಾಣಿಸಿದರೆ ತಾನೆ ಓದೋದು!

ನಮ್ಮ ಅರಸೀಕೆರೆ ಜಂಕ್ಷನ್ನಿನ ಬೋರ್ಡನ್ನು ಗಮನಿಸಿದ್ದೀರಾ? ಹಳದಿ ಹಲಗೆ, ಅದರ ಮೇಲೆ ದಪ್ಪ ಕಪ್ಪು ಅಕ್ಷರ. ಕನ್ನಡಕ ಮನೆಯಲ್ಲೇ ಮರೆತು ಬಂದವರಿಗೂ ಯಾವ ಊರು ಅಂತ ಗೊತ್ತಾಗಿಬಿಡುತ್ತೆ. ಕಂಪ್ಯೂಟರ್ ಪರದೆಯ ಲೆಕ್ಕದಲ್ಲಿ ಅಪ್ಪಟ ಹಳದಿಯ ಮೇಲಿನ ಕಪ್ಪಿಗೆ ಕಾಂಟ್ರಾಸ್ಟ್ ಸುಮಾರು 19.5:1. ಈಗಿನ ಸಾಫ್ಟ್‌ವೇರುಗಳ ಫ್ಯಾಷನ್ ನೋಡಿ.. ಬಿಳಿಯ ಮೇಲೆ ತಿಳಿ ಬೂದು ಅಕ್ಷರ, ಎಷ್ಟೋ ಕಡೆ 3:1 ಕೂಡ ಇರೋದಿಲ್ಲ! ಸಾಮಾನ್ಯ ಗಾತ್ರದ ಅಕ್ಷರಕ್ಕೆ ಕನಿಷ್ಠ 4.5:1 ಇರಬೇಕು ಅನ್ನುತ್ತೆ ವೆಬ್ ಪುಟಗಳಿಗಾಗಿ ಮಾಡಿದ ಅಂತಾರಾಷ್ಟ್ರೀಯ ನಿಯಮ. ಡೆಸ್ಕ್‌ಟಾಪ್ ತಂತ್ರಾಂಶಕ್ಕೂ ಅದೇ ಅಳತೆ ಹಿಡಿದರೆ ನಷ್ಟವೇನಿಲ್ಲ.

"ದೃಷ್ಟಿ ಇಲ್ಲದವರಿಗೆ ಸ್ಕ್ರೀನ್ ರೀಡರ್ ಇದೆಯಲ್ಲ" ಅಂತೀರಾ? ಇದೆ. ಎನ್‌ವಿಡಿಎ 2006ರಿಂದ ಬಿಟ್ಟಿಯಾಗಿ ಸಿಗುತ್ತಿದೆ, ಇ-ಸ್ಪೀಕ್ ಕನ್ನಡದಲ್ಲೂ ಓದುತ್ತೆ. ನಾನು ಹೇಳುತ್ತಿರುವುದು ಪೂರ್ತಿ ಕಾಣದವರಿಗೂ ಚೆನ್ನಾಗಿ ಕಾಣುವವರಿಗೂ ನಡುವೆ ಇರುವವರ ಬಗ್ಗೆ. ಮಂದದೃಷ್ಟಿ ಅಂದರೆ ಏನು ಅಂತ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಹೇಳಿದೆ. ಕನ್ನಡಕ ಹಾಕಿದ ಮೇಲೂ ಚೆನ್ನಾಗಿರುವ ಕಣ್ಣಿನ ದೃಷ್ಟಿ 6/18ಕ್ಕಿಂತ ಕಡಿಮೆ, 3/60ರವರೆಗೆ. ನಾವು 18 ಮೀಟರ್ ದೂರದಿಂದ ಓದೋದನ್ನು 6/18 ಇರುವವರು 6 ಮೀಟರ್ ಹತ್ತಿರ ಹೋಗಿ ಓದಬೇಕು. ಕೆಲವರಿಗೆ ಅಕ್ಷರ ಕಂಡರೂ ಅಕ್ಕಪಕ್ಕದ್ದು ಕಾಣಿಸೋದಿಲ್ಲ, ಕೊಳವೆಯೊಳಗಿಂದ ನೋಡಿದ ಹಾಗೆ. ಕಾಯ್ದೆ ಅವರನ್ನೂ ಲೆಕ್ಕಕ್ಕೆ ತಗೊಂಡಿದೆ.

ನಮ್ಮ ದೊಡ್ಡಮ್ಮನ ಮಗ ಅಂಥವನೇ. ಒಂದು ಕಡೆ ಡೇಟಾ ಎಂಟ್ರಿ ಕೆಲಸ. ವಿಂಡೋಸಿನಲ್ಲಿ ಎಲ್ಲವನ್ನೂ ದೊಡ್ಡದು ಮಾಡಿಕೊಂಡರೆ ಆರಾಮಾಗಿ ಓದುತ್ತಾನೆ. ಆದರೆ ಅವನು ಬಳಸಬೇಕಾದ ತಂತ್ರಾಂಶದ ಕಿಟಕಿ ಹಿಗ್ಗಿ ಪರದೆಯಾಚೆ ಹೋಗುತ್ತೆ. "ಉಳಿಸು" ಬಟನ್ನೇ ಕಾಣೆ! ಸ್ಕ್ರೋಲ್ ಮಾಡೋಣ ಅಂದರೆ ಸ್ಕ್ರೋಲ್ ಬಾರೂ ಇಲ್ಲ. ಟ್ಯಾಬ್ ಕೀಲಿಯನ್ನು ಎಣಿಸಿ ಎಣಿಸಿ ಒತ್ತಿ ಕೆಲಸ ಮಾಡುತ್ತಾನೆ. ಒಂದು ಎಣಿಕೆ ತಪ್ಪಿದರೆ ಫಾರಂ ಪೂರ್ತಿ ಖಾಲಿ. "ಕಣ್ಣು ಕಾಣದವನಿಗೆ ಈ ಕೆಲಸ ಯಾಕಪ್ಪಾ" ಅಂತ ಮೇಲಿನವರ ಮಾತು ಬೇರೆ. ತಪ್ಪು ಕಣ್ಣಿನದಲ್ಲ ಸ್ವಾಮಿ, ಕಿಟಕಿಯದು!

"ಭೂತಗನ್ನಡಿ ಬಳಸಲಿ" ಅನ್ನುವವರು ಒಮ್ಮೆ ಹಳೇಬೀಡಿಗೆ ಹೋಗಿ, ಹೊಯ್ಸಳೇಶ್ವರ ಗುಡಿಯ ಗೋಡೆಗೆ ಮೂಗು ತಾಗಿಸಿ ನಿಲ್ಲಿ. ಒಂದು ಆನೆ ಚೆನ್ನಾಗಿ ಕಾಣುತ್ತೆ. ಆದರೆ ಆನೆಸಾಲಿನ ಮೇಲೆ ಸಿಂಹ, ಅದರ ಮೇಲೆ ಬಳ್ಳಿ, ಕುದುರೆ ಇರೋದು ತಿಳಿಯೋದಿಲ್ಲ. ಪರದೆಯನ್ನು 4 ಪಟ್ಟು ಹಿಗ್ಗಿಸಿದರೆ ಕಾಣುವುದು 16ರಲ್ಲಿ 1 ಭಾಗ ಮಾತ್ರ. ಎಡತುದಿಯಲ್ಲಿ ಟೈಪ್ ಮಾಡುವವರಿಗೆ ಬಲಮೂಲೆಯಲ್ಲಿ ಮೂಡಿ ಮಾಯವಾಗುವ "ದೋಷ" ಅನ್ನೋ ಸಂದೇಶ ಕಾಣೋದು ಹೇಗೆ? ಅದನ್ನು ತಪ್ಪಾದ ಜಾಗದ ಪಕ್ಕದಲ್ಲೇ ತೋರಿಸಿ.

ಅಲ್ಲಿಂದ 16 ಕಿಲೋಮೀಟರ್ ದೂರದ ಬೇಲೂರಿನಲ್ಲಿ ಇನ್ನೊಂದು ಪಾಠ. ಚೆನ್ನಕೇಶವ ಗುಡಿಯ ಒಳಗಿನ ಕತ್ತಲಲ್ಲಿ ಗೈಡು ಟಾರ್ಚ್ ಬಿಟ್ಟು "ಇಲ್ಲಿ ನೋಡಿ ಸಾರ್" ಅಂದಾಗಲೇ ಕೆತ್ತನೆ ಕಾಣೋದು. ಪರದೆಯಲ್ಲಿ ನಾವೀಗ ಯಾವ ಬಟನ್ ಮೇಲಿದ್ದೇವೆ ಅಂತ ತೋರಿಸುವ ಗೆರೆಚೌಕ ಆ ಟಾರ್ಚ್ ಇದ್ದ ಹಾಗೆ. ಅಂದಗೆಡುತ್ತೆ ಅಂತ ಡಿಸೈನರುಗಳು ಅದನ್ನೇ ತೆಗೆದುಹಾಕುತ್ತಾರೆ!

ಇಷ್ಟೆಲ್ಲಾ ಎಲ್ಲ ಭಾಷೆಗೂ ಅನ್ವಯಿಸುವ ಮಾತು. ನಮ್ಮ ಕನ್ನಡದ ಕಷ್ಟ ಇನ್ನೊಂದಿದೆ. 'ದನ'ಕ್ಕೂ 'ಧನ'ಕ್ಕೂ ಇರುವ ವ್ಯತ್ಯಾಸ ಕೆಳಗಿನ ಒಂದು ಪುಟ್ಟ ಸೀಳು. ಇಂಗ್ಲಿಷಿಗೆಂದು ಅಳೆದ 9 ಪಾಯಿಂಟಿನಲ್ಲಿ ಅದು ಬರೀ ಚುಕ್ಕೆ. ಸಾಲಿನ ಎತ್ತರವೂ ಇಂಗ್ಲಿಷಿನದೇ ಆದ್ದರಿಂದ ಒತ್ತಕ್ಷರದ ಬುಡ ಕತ್ತರಿಸಿ ಹೋಗಿ 'ಹಳ್ಳಿ' ಹೋಗಿ 'ಹಳಿ' ಆಗುತ್ತೆ. ಅಕ್ಷರ ಹಿಗ್ಗಿಸಿ ಪೆಟ್ಟಿಗೆಯನ್ನು ಹಿಗ್ಗಿಸದಿದ್ದರೆ ಇನ್ನೂ ಹೆಚ್ಚು ಕತ್ತರಿಸುತ್ತೆ. ಹಳೆಯ ನುಡಿ, ಬರಹ ಫಾಂಟಿನ ಕಡತಗಳ ಕಥೆ ಬೇರೆ. ಓದಲು ಸುಲಭವಾದ ಬೇರೆ ಯೂನಿಕೋಡ್ ಫಾಂಟಿಗೆ ಬದಲಾಯಿಸಿದರೆ ಅಕ್ಷರಗಳೇ ಕಲಸುಮೇಲೋಗರ. ಯೂನಿಕೋಡ್ ಅಂದರೆ ಬರೀ ಭಾಷಾಭಿಮಾನ ಅಲ್ಲ, ಮಂದದೃಷ್ಟಿಯವರ ಅಗತ್ಯ.

ವಿಂಡೋಸಿನಲ್ಲಿ ಅಕ್ಷರವನ್ನು 225%ವರೆಗೆ ಹಿಗ್ಗಿಸಬಹುದು. ಲಿನಕ್ಸಿನ ಗ್ನೋಮ್‌ನಲ್ಲಿ ದೊಡ್ಡ ಅಕ್ಷರ, ಹೈ ಕಾಂಟ್ರಾಸ್ಟ್, ಝೂಮ್ ಎಲ್ಲ ಇವೆ. ಅಂದರೆ ಸೌಲಭ್ಯ ಇಲ್ಲದ್ದಲ್ಲ ಸಮಸ್ಯೆ. ಬಳಸುವವರು ಆರಿಸಿಕೊಂಡ ಗಾತ್ರ, ಬಣ್ಣಗಳನ್ನು ಬದಿಗೆ ತಳ್ಳಿ ನಮ್ಮ ವೃತ್ತಿಯವರು ಕೋಡಿನಲ್ಲಿ ತಮ್ಮದೇ ಅಳತೆ ಬರೆಯುತ್ತಾರಲ್ಲ, ಅದು ಸಮಸ್ಯೆ. ಡಿಜಿಟಲ್ ಸೇವೆಗಳು ಎಲ್ಲರಿಗೂ ಎಟುಕಬೇಕಾದ್ದು ಬದುಕುವ ಹಕ್ಕಿನ ಭಾಗ ಅಂತ 2025ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟೇ ಹೇಳಿದೆ. ಇದು ಯಾರೋ ಮಾಡುವ ದಾನಧರ್ಮ ಅಲ್ಲ.

ಸಾಫ್ಟ್‌ವೇರ್ ಗೆಳೆಯರೇ, ಒಂದು ಕೆಲಸ ಮಾಡಿ. ನಾಳೆ ಆಫೀಸಿನಲ್ಲಿ ಅಕ್ಷರದ ಗಾತ್ರ 200%ಗೆ ಏರಿಸಿ, ಮೌಸ್ ಪಕ್ಕಕ್ಕಿಟ್ಟು, ನೀವೇ ಬರೆದ ತಂತ್ರಾಂಶದಲ್ಲಿ ಒಂದು ಕನ್ನಡ ಫಾರಂ ತುಂಬಿಸಿ ಉಳಿಸಿ ನೋಡಿ. 5 ನಿಮಿಷ ಸಾಕು. "ಉಳಿಸು" ಬಟನ್ ಸಿಕ್ಕಿತಾ? ಸಿಗದಿದ್ದರೆ ಬಗ್ ಲಿಸ್ಟಿನಲ್ಲಿ ಅದನ್ನೇ ಮೊದಲು ಹಾಕಿ. ಏನಂತೀರಿ?