ಕೊಂಡ ಕೊಂಡಿ, ತಾನಾಗಿ ಬಂದ ಕೊಂಡಿ



ನಮ್ಮ ಮನೆಗಳ ಮಕ್ಕಳು ಇಂದು ವ್ಯಾಪಾರಕ್ಕೆಂದು ಜಾಲತಾಣಗಳನ್ನು ತೆರೆಯುತ್ತಿದ್ದಾರೆ. ದೊಡವಾಡದಂತಹ ಊರಿನಲ್ಲಿ ಕುಳಿತು ಕಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿಗಳನ್ನು ಪುಣೆ, ಬೆಂಗಳೂರುಗಳಿಗೆ ಮಾರುವುದು ಈಗ ಆಗದ ಮಾತೇನಲ್ಲ. ಆದರೆ ತಾಣ ತೆರೆದ ಕೆಲವೇ ದಿನಗಳಲ್ಲಿ ಯಾರೋ ದೂರವಾಣಿ ಮಾಡುತ್ತಾರೆ: “ಇಷ್ಟು ಹಣ ಕೊಡಿ, ನಿಮ್ಮ ತಾಣಕ್ಕೆ ಸಾವಿರ ಕೊಂಡಿ ಹಾಕಿಸಿ ಗೂಗಲ್‌ನ ಮೊದಲ ಪುಟಕ್ಕೆ ತರುತ್ತೇವೆ.” ಮನೆಯ ಹಿರಿಯರು ಇದೇನೆಂದು ಅರಿಯದೆ, ಮಕ್ಕಳು ಕೇಳಿದರೆಂದು ಗಂಟು ಬಿಚ್ಚುತ್ತಾರೆ. ಬಿಚ್ಚುವ ಮುನ್ನ ಈ ವ್ಯವಹಾರದ ಒಳಗನ್ನು ತಿಳಿಯುವುದು ಲೇಸು.

ಒಂದು ತಾಣದಲ್ಲಿ ಒತ್ತಿದೊಡನೆ ಮತ್ತೊಂದು ತಾಣಕ್ಕೆ ಕರೆದೊಯ್ಯುವ ಪದವೇ ಕೊಂಡಿ. 1998ರಲ್ಲಿ ಅಮೆರಿಕೆಯ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ವಿದ್ಯಾರ್ಥಿಗಳಾದ ಲ್ಯಾರಿ ಪೇಜ್ ಮತ್ತು ಸೆರ್ಗೆಯ್ ಬ್ರಿನ್ ಇದನ್ನೇ ಶ್ರೇಯಾಂಕದ ಅಳತೆಗೋಲಾಗಿ ಮಾಡಿಕೊಂಡರು. ಆ ಕಲ್ಪನೆ ಅವರಿಗೆ ದೊರೆತದ್ದು ವಿದ್ವತ್ ಗ್ರಂಥಗಳ ಉಲ್ಲೇಖ ಪದ್ಧತಿಯಿಂದ. ಡಾ. ಫ.ಗು. ಹಳಕಟ್ಟಿಯವರ ‘ವಚನಶಾಸ್ತ್ರಸಾರ’ವನ್ನು ಅನಂತರದ ವಿದ್ವಾಂಸರು ಮತ್ತೆ ಮತ್ತೆ ಹೆಸರಿಸಿದರಷ್ಟೆ, ಹಾಗೆ ಹೆಸರಿಸಲು ಅವರಿಗೆ ಯಾರೂ ಹಣ ಕೊಟ್ಟಿರಲಿಲ್ಲ. ಉಲ್ಲೇಖದ ಬೆಲೆ ಇರುವುದೇ ಅಲ್ಲಿ.

ಎಲ್ಲ ಕೊಂಡಿಗಳ ತೂಕವೂ ಒಂದೇ ಅಲ್ಲ. ಕನ್ಯೆ ಕೊಡುವಾಗ ವರನ ಮನೆತನವನ್ನು ಹೇಗೆ ವಿಚಾರಿಸುತ್ತೇವೆ? ಹತ್ತು ಜನ ದಲ್ಲಾಳಿಗಳ ಹೊಗಳಿಕೆಗಿಂತ ಆ ಊರಿನ ಹಿರಿಯರೊಬ್ಬರ ಎರಡು ಮಾತು ಹೆಚ್ಚು. ಗೂಗಲ್ ಸಹ ಕೊಂಡಿ ಕೊಟ್ಟ ತಾಣಕ್ಕೆ ತನ್ನದೇ ಆದ ಮರ್ಯಾದೆ ಇದೆಯೇ ಎಂಬುದನ್ನು ನೋಡುತ್ತದೆ.

ಇನ್ನು ಮಾರ್ಗಗಳ ವಿಚಾರ. ಹಣಕ್ಕೆ ಕೊಳ್ಳುವುದು ಎಲ್ಲಕ್ಕಿಂತ ಸುಲಭ, ಎಲ್ಲಕ್ಕಿಂತ ಅಪಾಯಕರ. ಅಮೆರಿಕೆಯ ಜೆ.ಸಿ. ಪೆನಿ ಎಂಬ ದೊಡ್ಡ ಮಳಿಗೆಗೆ ಸಂಬಂಧವೇ ಇಲ್ಲದ ನೂರಾರು ತಾಣಗಳಿಂದ ಕೊಂಡಿಗಳಿದ್ದುದನ್ನು 2011ರ ಫೆಬ್ರವರಿಯಲ್ಲಿ ‘ನ್ಯೂಯಾರ್ಕ್ ಟೈಮ್ಸ್’ ಬಯಲಿಗೆಳೆಯಿತು. ಗೂಗಲ್ ದಂಡನೆ ವಿಧಿಸಿದ ಸಂಜೆ, ಪ್ರಯಾಣದ ಪೆಟ್ಟಿಗೆಯೊಂದರ ಹುಡುಕಾಟದಲ್ಲಿ ಮೊದಲನೆಯದಾಗಿದ್ದ ಅದರ ಪುಟ ಎರಡು ತಾಸಿನೊಳಗೆ 71ನೆಯ ಸ್ಥಾನಕ್ಕೆ ಇಳಿಯಿತು. ಮರುವರ್ಷ ಗೂಗಲ್ ತನ್ನದೇ ಕ್ರೋಮ್‌ನ ಪುಟವನ್ನೂ, ಹಣ ಪಡೆದು ಬರೆದ ಲೇಖನದಲ್ಲಿ ಕೊಂಡಿ ಸೇರಿತ್ತೆಂಬ ಕಾರಣಕ್ಕೆ 60 ದಿನಗಳ ಮಟ್ಟಿಗೆ ಕೆಳಗಿಳಿಸಿತು. ಸ್ವಂತ ಮನೆಯವರಿಗೇ ಈ ದಂಡವಾದರೆ ರೊಟ್ಟಿ ಮಾರುವವರ ಪಾಡೇನು? 2012ರ ಏಪ್ರಿಲ್‌ನಲ್ಲಿ ‘ಪೆಂಗ್ವಿನ್’ ಎಂಬ ಹೊಸ ಕ್ರಮ ಬಂದು ಇಂಥ ತಾಣಗಳನ್ನು ಯಂತ್ರವೇ ಗುರುತಿಸತೊಡಗಿತು. 2016ರ ನಂತರ ಅದು ತಾಣವನ್ನು ಕೆಡವುವುದಕ್ಕಿಂತ ಹುಸಿ ಕೊಂಡಿಗಳನ್ನು ಲೆಕ್ಕಕ್ಕೇ ಹಿಡಿಯದೆ ಬಿಡುತ್ತದೆ. ಎಂದರೆ ಕೊಟ್ಟ ಹಣ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ. ಗೂಗಲ್ ಸಿಬ್ಬಂದಿ ಪರಿಶೀಲಿಸಿ ವಿಧಿಸುವ ದಂಡನೆಯಂತೂ ಈಗಲೂ ಉಂಟು.

“ನೀನು ನನಗೆ ಕೊಡು, ನಾನು ನಿನಗೆ ಕೊಡುವೆ” ಎಂಬ ವಿನಿಮಯವೂ ಮಿತಿಮೀರಿದರೆ ನಿಯಮಬಾಹಿರವೇ. ಪರಿಚಯದ ನೆಲೆಯಲ್ಲಿ ಒಂದೆರಡು ಆದರೆ ದೋಷವಿಲ್ಲ. ವಿಕಿಪೀಡಿಯಾದಲ್ಲಿ ತಮ್ಮ ಅಂಗಡಿಯ ಕೊಂಡಿಯನ್ನು ತುರುಕುವವರೂ ಇದ್ದಾರೆ. 2007ರಿಂದ ಅಲ್ಲಿನ ಹೊರಕೊಂಡಿಗಳಿಗೆಲ್ಲ “ಇದನ್ನು ಶಿಫಾರಸೆಂದು ಎಣಿಸಬೇಡಿ” ಎಂಬ ಗುರುತು ಇರುವುದು ಅವರಿಗೆ ತಿಳಿದಂತಿಲ್ಲ.

ಉಳಿದದ್ದು ನಿಧಾನದ ದಾರಿ. ಅನ್ಯರು ತಾವಾಗಿಯೇ ತೋರಿಸಬೇಕೆನಿಸುವಂಥದ್ದು ತಾಣದಲ್ಲಿರಬೇಕು. ರೊಟ್ಟಿಯ ಬೆಲೆಪಟ್ಟಿಗೆ ಯಾರು ಕೊಂಡಿ ಕೊಟ್ಟಾರು? ಹಿಂಗಾರಿ ಜೋಳದ ಬಿತ್ತನೆಯಿಂದ ಹಿಡಿದು ಹಿಟ್ಟು ನಾದುವ ಹದ, ರೊಟ್ಟಿಯನ್ನು ಬಡಿದು ಬೇಯಿಸಿ ಒಣಗಿಸುವ ಬಗೆ, ಕೆಡದಂತೆ ಇಡುವ ಕ್ರಮ, ಇವನ್ನು ಮನೆಯ ಅಜ್ಜಿಯಿಂದ ಕೇಳಿ ಚಿತ್ರಸಹಿತ ಬರೆದರೆ ಅಡುಗೆಯ ಲೇಖಕರು, ಪತ್ರಿಕೆಯವರು, ಕೃಷಿ ಆಸಕ್ತರು ಅದನ್ನು ಹೆಸರಿಸುವ ಸಂಭವವುಂಟು. ‘ವಚನ ಸಂಚಯ’ ತಾಣವನ್ನು ನೋಡಿರಿ. ವಚನಗಳಲ್ಲಿ ಬೇಕಾದ ಪದವನ್ನು ಹುಡುಕುವ ಸೌಕರ್ಯ ಅಲ್ಲಿದೆ. ಬೇಕಾದವರು ತಾವೇ ಅಲ್ಲಿಗೆ ದಾರಿ ತೋರಿಸುತ್ತಾರೆ.

ಈ ದಾರಿಯ ಫಲ ಕಾಣಲು ತಿಂಗಳುಗಳೇ ಹಿಡಿಯುತ್ತವೆ. ಅಲ್ಲಿಯವರೆಗೆ ಮಾಡಬಹುದಾದ, ಬಿಡಿಗಾಸೂ ಬೇಡದ ಕೆಲಸವೊಂದಿದೆ: ಅಂಗಡಿಯ ಹೆಸರು, ವಿಳಾಸ, ವೇಳೆಗಳನ್ನು ಗೂಗಲ್‌ನ ನಕ್ಷೆಯಲ್ಲಿ ನೋಂದಾಯಿಸುವುದು. ಸುತ್ತಮುತ್ತಲಿನ ಗಿರಾಕಿ ಹುಡುಕಿದಾಗ ಅಂಗಡಿ ಎಷ್ಟು ಸಮೀಪದಲ್ಲಿದೆ, ಕೇಳಿದ್ದಕ್ಕೆ ಎಷ್ಟು ಹೊಂದುತ್ತದೆ, ಎಷ್ಟು ಹೆಸರಾಗಿದೆ ಎಂಬ ಮೂರನ್ನು ಅದು ನೋಡುತ್ತದೆ. ಬೈಲಹೊಂಗಲ, ಬೆಳವಡಿಗಳ ಗಿರಾಕಿಗೆ ದೊಡವಾಡದ ಅಂಗಡಿ ಕಾಣಿಸಲು ಸಾವಿರ ಕೊಂಡಿ ಬೇಕಿಲ್ಲ. ದೂರವಾಣಿ ಮಾಡಿದವರಿಗೆ, ಆ ಸಾವಿರ ತಾಣಗಳ ಪಟ್ಟಿಯನ್ನು ಮೊದಲು ಕಳುಹಿಸಿರೆಂದು ಕೇಳಿರಿ. ಬಂದರೆ ಮಕ್ಕಳೊಡನೆ ಕುಳಿತು ಹತ್ತನ್ನು ತೆರೆದು ನೋಡಿರಿ.