ಉಳಿದ ಒಂಬತ್ತು ದಿನದ ಮಾತ್ರೆ

ಮಂಗಳೂರಿನ ಒಂದು ಕಟ್ಟಡದ ಸೈಟು. ತಗಡಿನ ಶೆಡ್ಡಿನೊಳಗೆ ಮೊಳೆಗೆ ನೇತುಹಾಕಿದ್ದ ಚೀಲದಿಂದ ಹುಡುಗನೊಬ್ಬ ಮಾತ್ರೆಯ ಪಟ್ಟಿ ತೆಗೆದು ತೋರಿಸಿದ. ಐದು ದಿನದ್ದು ಖಾಲಿ, ಒಂಬತ್ತು ದಿನದ್ದು ಹಾಗೇ ಇತ್ತು. ಕೊಪ್ಪಳದ ಕಡೆಯವನು, ಗಾರೆ ಕೆಲಸದವನು. “ಜ್ವರ ಬಿಟ್ಟಿತ್ರೀ ಮೇಡಂ. ಗುಳಗಿ ನುಂಗಿದ್ರ ಹೊಟ್ಟಿ ತೊಳಸತಿತ್ತು. ಕೆಲಸಕ್ಕ ಹೋಗಬೇಕಲ್ರೀ” ಎಂದ.

ಮೂರು ತಿಂಗಳ ಹಿಂದೆ ನಾನೇ ಚುಚ್ಚಿದ್ದ ಬೆರಳನ್ನು ಮತ್ತೆ ಚುಚ್ಚಿದೆ. ಸ್ಲೈಡಿನಲ್ಲಿ ಊದಿಕೊಂಡ ಕೆಂಪು ರಕ್ತಕಣ, ಅದರೊಳಗೊಂದು ಉಂಗುರ: ಮಲೇರಿಯಾ ತರುವ ಪ್ಲಾಸ್ಮೋಡಿಯಂ ವೈವ್ಯಾಕ್ಸ್. ಹೊಸ ಸೊಳ್ಳೆ ಕಚ್ಚಿತ್ತೋ, ಹಳೆಯದೇ ಎದ್ದು ಬಂದಿತ್ತೋ, ಸ್ಲೈಡು ಹೇಳುವುದಿಲ್ಲ. ನನ್ನ ಕಣ್ಣು ಮಾತ್ರ ಆ ಒಂಬತ್ತು ದಿನದ ಮಾತ್ರೆಯ ಮೇಲೇ ಇತ್ತು.

ಸೊಳ್ಳೆಯಿಂದ ಮೈಸೇರಿದ ಈ ಏಕಕೋಶಿ ಮೊದಲು ಲಿವರಿಗೆ ಹೋಗುತ್ತದೆ. ಕೆಲವು ಅಲ್ಲಿ ಸಾವಿರಗಟ್ಟಲೆಯಾಗಿ ರಕ್ತಕ್ಕಿಳಿದು ಜ್ವರ ತರುತ್ತವೆ. ಕೆಲವು ಅಲ್ಲೇ ಮಲಗುತ್ತವೆ, ವಾರಗಟ್ಟಲೆ, ತಿಂಗಳುಗಟ್ಟಲೆ. ರಕ್ತಕ್ಕಿಳಿದದ್ದು ಹೀಮೊಗ್ಲೋಬಿನ್ ತಿಂದು ಬದುಕುತ್ತದೆ. ತಿಂದ ಮೇಲೆ ಉಳಿಯುವ ಹೀಮ್ ಅದಕ್ಕೇ ವಿಷ. ಅದನ್ನು ಹರಳುಗಟ್ಟಿಸಿ ಪಾರಾಗುತ್ತದೆ. ಕ್ಲೋರೋಕ್ವಿನ್ ಆ ಹರಳು ಕಟ್ಟಲು ಬಿಡುವುದಿಲ್ಲ. ಉಂಡ ಊಟವೇ ಅದನ್ನು ಕೊಲ್ಲುತ್ತದೆ. ಮೂರು ದಿನದ ಮಾತ್ರೆಗೆ ಜ್ವರ ಇಳಿಯುವುದು ಹೀಗೆ. ಲಿವರಿನಲ್ಲಿ ಮಲಗಿದ್ದಕ್ಕೆ ಹೀಮೊಗ್ಲೋಬಿನ್ನಿನ ಊಟವೇ ಇಲ್ಲ, ಕ್ಲೋರೋಕ್ವಿನ್ ಅದಕ್ಕೆ ತಾಗುವುದೂ ಇಲ್ಲ. ಪ್ರೈಮಾಕ್ವಿನ್ 14 ದಿನ ಕೊಡುವುದು ಅದಕ್ಕಾಗಿ.

ಮಲೇರಿಯಾದ ಪರಾವಲಂಬಿಗೆ ಹೀಮ್ ಮಿತಿಮೀರಿದರೆ ವಿಷ, ಆದರೆ ಒಂದಿಷ್ಟು ಬೇಕೇ ಬೇಕು. ಬೇಕಾದಷ್ಟನ್ನು ಅದು ತಾನೇ ತಯಾರಿಸಿಕೊಳ್ಳಬಲ್ಲದು ಎಂದು ತೋರಿಸಿಕೊಟ್ಟವರು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಜಿ. ಪದ್ಮನಾಭನ್ ಮತ್ತು ಸಂಗಡಿಗರು. ರಕ್ತದಲ್ಲಿ ಸ್ವಂತ ಹೀಮ್ ಇಲ್ಲದೆಯೂ ಅದಕ್ಕೆ ನಡೆಯುತ್ತದೆ, ಲಿವರಿನ ಹಂತದಲ್ಲಿ ಸ್ವಂತ ಹೀಮ್ ಇಲ್ಲದೆ ಬೆಳೆಯಲಾರದು ಎಂಬುದನ್ನು ಇಲಿಗಳ ಮಲೇರಿಯಾದ ಮೇಲೆ ಪ್ರಯೋಗಿಸಿ 2013ರಲ್ಲಿ ಕಂಡುಕೊಂಡರು. ಅಣುವಿನ ಮಟ್ಟದವರೆಗೆ ಇಳಿದು ನೋಡಿದ ಊರಿನಿಂದ ಒಂದು ರಾತ್ರಿಯ ಬಸ್ಸಿನ ದೂರದಲ್ಲಿ, ಹುಡುಗನೊಬ್ಬನಿಗೆ 14 ದಿನ ಮಾತ್ರೆ ನುಂಗಿಸಲು ನಮಗೆ ಆಗಲಿಲ್ಲ. ಊಟದ ಮೇಲೆ ನುಂಗಿದರೆ ಅಷ್ಟು ಹೊಟ್ಟೆ ತೊಳಸುವುದಿಲ್ಲ ಎಂದು ಅವನಿಗೆ ಯಾರೂ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ. ಅವತ್ತು ಸ್ಲೈಡು ತುಂಬ ಇದ್ದವು, ಪಟ್ಟಿ ಕೈಗಿಟ್ಟು ಮುಂದಿನವರನ್ನು ಕರೆದಿದ್ದೆ. ಅದು ನನ್ನ ತಪ್ಪು.

ವೈದ್ಯರೇ, ಜಿ6ಪಿಡಿ ಕಿಣ್ವ ಕಡಿಮೆ ಇರುವವರಿಗೆ ಪ್ರೈಮಾಕ್ವಿನ್ ರಕ್ತಕಣ ಒಡೆಯಬಹುದು, ಗರ್ಭಿಣಿಯರಿಗೆ ಕೊಡುವಂತಿಲ್ಲ. ಹಾಗೆಂದು ಭಯಬಿದ್ದು ಯಾರಿಗೂ ಬರೆಯದೆ ಬಿಡಬೇಡಿ. ಪರೀಕ್ಷೆ ಮಾಡಿಸಿ, ಮೂತ್ರ ಕಪ್ಪಾದರೆ ಕೂಡಲೇ ಬರಬೇಕೆಂದು ತಿಳಿಸಿ, ಬರೆಯಿರಿ. ಗುತ್ತಿಗೆದಾರರೇ, 14 ದಿನ ಮುಗಿಯುವ ಮೊದಲು ಕೆಲಸಗಾರರನ್ನು ಬೇರೆ ಸೈಟಿಗೆ ಕಳಿಸಬೇಡಿ. ಜ್ವರದಲ್ಲಿ ಮಲಗಿದ ದಿನದ ಕೂಲಿ ಮುರಿಯಬೇಡಿ. ಕ್ಯೂರಿಂಗಿಗೆ ನಿಲ್ಲಿಸಿದ ನೀರು, ಬಾಯ್ತೆರೆದ ಟ್ಯಾಂಕು ಸೊಳ್ಳೆಯ ತೊಟ್ಟಿಲು, ನಿಮಗೆ ಗೊತ್ತು. ಫ್ಲ್ಯಾಟು ಕೊಳ್ಳುವವರೇ, ಟೈಲ್ಸು ನೋಡಲು ಸೈಟಿಗೆ ಹೋದಾಗ ಹಿಂದಿನ ಶೆಡ್ಡಿಗೂ ಒಮ್ಮೆ ಇಣುಕಿ, ಸೊಳ್ಳೆಪರದೆ ಇದೆಯೇ ಎಂದು ಕೇಳಿ. ನೀವು ಕೇಳಿದರೆ ಮಾಲೀಕರು ಕಟ್ಟಿಸುತ್ತಾರೆ. ನಾವು ಕೇಳಿದರೆ ನಾಳೆ ಎನ್ನುತ್ತಾರೆ.

ಮೇಸ್ತ್ರಿಗಳೇ, ದಿನಾ ಬೆಳಿಗ್ಗೆ ಹಾಜರಿ ಕರೆಯುವವರು ನೀವು. ಹೆಸರು ಕೂಗಿದ ಮೇಲೆ ಇನ್ನೊಂದು ಮಾತು ಕೇಳಿ: “ನಾಷ್ಟಾ ಆತೇನೋ? ಗುಳಗಿ ನುಂಗಿದೇನು?”