ನೇಯುವವಳು ತಲೆಯೆತ್ತಿದ ಗಳಿಗೆ

ಈ ತಿಂಗಳು ಪುಟ್ಟ ರೇಖಾಚಿತ್ರವೊಂದರ ವಿಷಯವನ್ನು ನಿವೇದಿಸುತ್ತೇವೆ.

ಆಂಗ್ಲ ಕವಿ ಟೆನಿಸನ್ನನು 1832ರಲ್ಲಿ ಪ್ರಕಟಿಸಿ, 1842ರಲ್ಲಿ ತಿದ್ದಿ ಮತ್ತೆ ಹೊರತಂದ ಕಥನಕವನವೊಂದುಂಟು. ಷಾಲಟ್ ಎಂಬ ದ್ವೀಪದ ಗೋಪುರದಲ್ಲಿ ಒಬ್ಬ ರಮಣಿ. ಲೋಕವನ್ನು ನೇರವಾಗಿ ನೋಡಿದರೆ ಆಕೆಗೆ ಶಾಪ ತಗಲುವುದು. ಆದುದರಿಂದ ಕನ್ನಡಿಯಲ್ಲಿ ಕಂಡುದನ್ನೇ ಮಗ್ಗದಲ್ಲಿ ನೇಯುವಳು. ಒಂದು ದಿನ ಲಾನ್ಸ್‌ಲಾಟ್ ಎಂಬ ವೀರನು ಹಾದುಹೋಗಲು, ಆಕೆ ತಿರುಗಿ ನೋಡುವಳು, ಕನ್ನಡಿ ಬಿರಿಯುವುದು.

ಈ ಗಳಿಗೆಯನ್ನೇ 1853ರಲ್ಲಿ ಎಲಿಜಬೆತ್ ಸಿಡಾಲ್ ಎಂಬಾಕೆ ಲೇಖನಿ, ಮಸಿಗಳಿಂದ ಚಿತ್ರಿಸಿದಳು. ಆಕೆ ಟೋಪಿಯಂಗಡಿಯಲ್ಲಿ ದುಡಿದವಳು. ಬಳಿಕ ಚಿತ್ರಕಾರರಿಗೆ ಮಾದರಿಯಾಗಿ ನಿಂತವಳು. ಮಿಲೇಯನು ಮುಳುಗುವ ಒಫೀಲಿಯಳನ್ನು ಬರೆಯುವಾಗ ನೀರು ತುಂಬಿದ ತೊಟ್ಟಿಯಲ್ಲಿ ಮಲಗಿ ಕಾಯಿಲೆ ಬಿದ್ದವಳು ಈಕೆಯೇ. ಅನ್ಯರು ನೋಡಿ ಬರೆದ ಮುಖವು ಇಲ್ಲಿ ತಾನೇ ನೋಡತೊಡಗಿತು.

ಇದೇ ಕವನಕ್ಕೆ ಹಂಟ್ ಎಂಬ ಚಿತ್ರಕಾರನು ಬರೆದ ಚಿತ್ರವು 1857ರ ಟೆನಿಸನ್ ಸಂಪುಟದಲ್ಲಿದೆ. ಅಲ್ಲಿ ರಮಣಿಯ ಕೇಶರಾಶಿ ಹುಚ್ಚಾಗಿ ಹಾರುತ್ತದೆ. ನೂಲುಗಳು ಮೈಯನ್ನು ಬಿಗಿದಿವೆ. ಸಿಡಾಲಳ ಚಿತ್ರದಲ್ಲಿಯೂ ನೂಲು ಹಾರಿದೆ, ಕನ್ನಡಿ ಬಿರಿದಿದೆ. ಆದರೆ ರಮಣಿ ಮಗ್ಗದ ಮುಂದೆ ಕುಳಿತಲ್ಲಿಯೇ ಶಾಂತಳಾಗಿ ಕಿಟಕಿಯತ್ತ ಮುಖ ತಿರುಗಿಸಿದ್ದಾಳೆ. ಹಂಟನು ಶಾಪವನ್ನು ಬರೆದನು. ಈಕೆ ನೋಟವನ್ನು ಬರೆದಳು. ಅದೇ ವರ್ಷ ಲಂಡನಿನ ರಸೆಲ್ ಪ್ಲೇಸಿನಲ್ಲಿ ಈ ಪಂಥದವರು ನಡೆಸಿದ ಪ್ರದರ್ಶನದಲ್ಲಿ ತನ್ನ ಕೃತಿಗಳನ್ನಿಟ್ಟ ಹೆಂಗಸು ಈಕೆಯೊಬ್ಬಳೇ. 1862ರಲ್ಲಿ, ಮೂವತ್ತೆರಡರ ವಯಸ್ಸಿನಲ್ಲಿ, ಅಫೀಮಿನ ಔಷಧವು ಮಿತಿಮೀರಿ ತೀರಿಕೊಂಡಳು.

ದುಷ್ಯಂತನು ಶಕುಂತಲೆಯ ಚಿತ್ರ ಬರೆದ ಅಂಕವನ್ನು ನಾವು ಬಹುಕಾಲ ಪಾಠ ಹೇಳಿದೆವು. ಶಕುಂತಲೆಯ ಕೈಗೆ ಕುಂಚ ಬಂದಿದ್ದರೆ ಏನು ಬರೆಯುತ್ತಿದ್ದಳೆಂದು ಒಮ್ಮೆಯೂ ಕೇಳಲಿಲ್ಲ. ನಮ್ಮ ಮಗಳು ಬಾಲ್ಯದಲ್ಲಿ ಪಾಠದ ಪದ್ಯವೊಂದಕ್ಕೆ ಚಿತ್ರ ಬರೆದು ತಂದಳು. ಬೆರಳುಗಳು ಉದ್ದವಾದುವೆಂದು ಮಾತ್ರ ನಾವು ನುಡಿದೆವು. ಆಮೇಲೆ ಅವಳು ಯಾವುದನ್ನೂ ತೋರಿಸಲಿಲ್ಲ.

ಸಿಡಾಲಳ ಗೆರೆಗಳಲ್ಲಿಯೂ ಅಭ್ಯಾಸದ ಕೊರತೆ ಕಾಣುವುದು. ಅದನ್ನಷ್ಟೇ ಎಣಿಸಿದವನಿಗೆ ಆ ಶಾಂತವಾದ ಮುಖವು ಕಾಣದು. ಮನೆಯ ಮಕ್ಕಳು ಚಿತ್ರ ತಂದಾಗ ಬೆರಳನ್ನು ಆಮೇಲೆ ಅಳೆಯೋಣ. ಅವರು ಕಂಡುದೇನೆಂದು ಮೊದಲು ಕೇಳೋಣ.